ಸದನಕ್ಕಿಂತ ಎತ್ತರದ ಕುರ್ಚಿ

1975ರಲ್ಲಿ ಐದು ತಿಂಗಳ ಅಂತರದಲ್ಲಿ ಎರಡು ದೇಶಗಳ ಮುಖ್ಯಸ್ಥರು ಎರಡು ಕಾಗದಗಳಿಗೆ ಸಹಿ ಹಾಕಿದರು. ಜೂನ್ 25ರ ರಾತ್ರಿ ದೆಹಲಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಮಾಡಿದರು. ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. ನವೆಂಬರ್ 11ರ ಮಧ್ಯಾಹ್ನ ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಗವರ್ನರ್ ಜನರಲ್ ಸರ್ ಜಾನ್ ಕರ್, ಚುನಾಯಿತ ಪ್ರಧಾನಿ ಗಾಫ್ ವಿಟ್ಲಮ್ ಅವರ ಕೈಗೆ ವಜಾಪತ್ರ ಕೊಟ್ಟರು. ದೆಹಲಿಯ ಮುಖ್ಯಸ್ಥರು ಗಣರಾಜ್ಯದವರು, ಜನಪ್ರತಿನಿಧಿಗಳು ಆರಿಸಿದವರು. ಕ್ಯಾನ್‌ಬೆರಾದವರು ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಕುಳಿತವರು. ಒಬ್ಬರು ತಡೆಯಬೇಕಾದಲ್ಲಿ ತಡೆಯಲಿಲ್ಲ, ಇನ್ನೊಬ್ಬರು ಕೈ ಹಾಕಬಾರದಲ್ಲಿ ಕೈ ಹಾಕಿದರು. ಇಬ್ಬರೂ ಕೇಳದೆ ಬಿಟ್ಟದ್ದು ಮಾತ್ರ ಒಂದನ್ನೇ: ಜನ ಆರಿಸಿ ಕಳಿಸಿದ ಸದನ ಏನು ಹೇಳುತ್ತದೆ?

ನಾನು ಮೆಲ್ಬರ್ನಿನಲ್ಲಿ ನೆಲೆಸಿ ಆಸ್ಟ್ರೇಲಿಯದ ಪ್ರಜೆಯಾದವಳು. ಈ ದೇಶ ಗಣರಾಜ್ಯವಾಗಬೇಕು ಎಂದು ಬಯಸುವವಳು. ಆದರೆ ಇಲ್ಲಿನ ಗಣರಾಜ್ಯದ ಚರ್ಚೆಯನ್ನು ಕೇಳುವಾಗಲೆಲ್ಲ ಈ ಎರಡು ಸಹಿಗಳು ನೆನಪಾಗಿ ತಳಮಳವಾಗುತ್ತದೆ. ಕಿರೀಟ ಬೇಕೇ ಬೇಡವೇ ಎನ್ನುವಲ್ಲಿಗೇ ಮಾತು ನಿಂತುಬಿಡುತ್ತದೆ. ಕಿರೀಟದ ಹೆಸರಿನಲ್ಲಿ ಇಲ್ಲಿಯೇ ಇರುವ ಅಧಿಕಾರದ ಕಡೆಗೆ ಯಾರೂ ನಡೆದು ಹೋಗುವುದಿಲ್ಲ.

ಆ ನವೆಂಬರ್ ದಿನ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಿಟ್ಲಮ್ ಅವರ ಲೇಬರ್ ಪಕ್ಷಕ್ಕೆ ಕೆಳಮನೆಯಲ್ಲಿ ಬಹುಮತವಿತ್ತು, ಮೇಲ್ಮನೆಯಾದ ಸೆನೆಟ್‌ನಲ್ಲಿ ಇರಲಿಲ್ಲ. ಅಕ್ಟೋಬರ್ ನಡುವಿನಿಂದ ಸೆನೆಟ್ ಧನವಿನಿಯೋಗ ಮಸೂದೆಗಳನ್ನು ಅಂಗೀಕರಿಸದೆ ಮುಂದೂಡುತ್ತಾ ಬಂತು. ಸರ್ಕಾರದ ಬೊಕ್ಕಸ ಬರಿದಾಗುವ ದಿನ ಹತ್ತಿರವಾಗುತ್ತಿತ್ತು. ಸೆನೆಟ್‌ನ ಅರ್ಧ ಸ್ಥಾನಗಳಿಗೆ ಚುನಾವಣೆ ಕೇಳಲು ವಿಟ್ಲಮ್ ಗವರ್ನರ್ ಜನರಲ್ ನಿವಾಸವಾದ ಯಾರಲುಮ್ಲಕ್ಕೆ ಹೋದರು. ಹಿಂದಿನ ವರ್ಷ ಕರ್ ಅವರ ಹೆಸರನ್ನು ರಾಣಿಗೆ ಸೂಚಿಸಿ ಆ ಹುದ್ದೆಗೆ ತಂದವರು ಇದೇ ವಿಟ್ಲಮ್. ಹೋದ ಕೆಲಸ ಆಗಲಿಲ್ಲ, ವಜಾ ಆಗಿ ಹೊರಬಂದರು. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ವಿರೋಧ ಪಕ್ಷದ ನಾಯಕ ಮಾಲ್ಕಮ್ ಫ್ರೇಸರ್ ಕಾಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಉಸ್ತುವಾರಿ ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಿದರು. ಮಧ್ಯಾಹ್ನದ ಮೇಲೆ ಸೆನೆಟ್ ಮಸೂದೆಗಳನ್ನು ಅಂಗೀಕರಿಸಿತು.

ಇಷ್ಟನ್ನು ಹಲವರು ಬಲ್ಲರು. ನನ್ನನ್ನು ಕಾಡುವುದು ಇದರ ನಂತರದ ಒಂದೆರಡು ಗಂಟೆ. ಕೆಳಮನೆ ಫ್ರೇಸರ್ ಮೇಲೆ ಅವಿಶ್ವಾಸ ನಿರ್ಣಯ ಮಾಡಿತು, 64 ಮತಗಳು ಪರ, 54 ವಿರುದ್ಧ. ವಿಟ್ಲಮ್ ಅವರನ್ನೇ ಮತ್ತೆ ಸರ್ಕಾರ ರಚಿಸಲು ಕರೆಯಬೇಕೆಂದು ಗವರ್ನರ್ ಜನರಲ್‌ಗೆ ತಿಳಿಸಲು ಸ್ಪೀಕರ್ ಗಾರ್ಡನ್ ಸ್ಕೋಲ್ಸ್ ಅವರಿಗೆ ಹೇಳಿತು. ಸ್ಪೀಕರ್‌ಗೆ ಭೇಟಿ ಸಿಕ್ಕಿದ್ದು ಸಂಜೆ 4.45ಕ್ಕೆ. ಅಷ್ಟರಲ್ಲಿ ಎರಡೂ ಸದನಗಳನ್ನು ವಿಸರ್ಜಿಸುವ ಘೋಷಣೆಗೆ ಕರ್ ಸಹಿ ಹಾಕಿಯಾಗಿತ್ತು. ಜನಪ್ರತಿನಿಧಿಗಳು ತಲೆ ಎಣಿಸಿ ತೀರ್ಪು ಕೊಟ್ಟಿದ್ದರು. ಅದನ್ನು ಕೇಳಬೇಕಾದವರು ಬಾಗಿಲು ತೆರೆಯಲಿಲ್ಲ. ಮರುದಿನ ಸ್ಕೋಲ್ಸ್ ರಾಣಿಗೇ ಪತ್ರ ಬರೆದರು. ಕೆಲವು ದಿನಗಳ ಮೇಲೆ ಆಕೆಯ ಖಾಸಗಿ ಕಾರ್ಯದರ್ಶಿಯಿಂದ ಬಂದ ಉತ್ತರದ ತಾತ್ಪರ್ಯ ಇಷ್ಟು: ಈ ಅಧಿಕಾರ ಆಸ್ಟ್ರೇಲಿಯದ ಸಂವಿಧಾನದ ಪ್ರಕಾರ ಗವರ್ನರ್ ಜನರಲ್ ಅವರದು, ರಾಣಿ ಇದರಲ್ಲಿ ಮಧ್ಯೆ ಬರುವುದು ಸರಿಯಲ್ಲ.

ಆ ಉತ್ತರವನ್ನು ರಾಜಪ್ರಭುತ್ವದ ಬೆಂಬಲಿಗರು ಇನ್ನೊಮ್ಮೆ ಓದಬೇಕು ಎನ್ನುವುದು ನನ್ನ ಆಸೆ. ಬಿಕ್ಕಟ್ಟಿನ ದಿನ ಪಕ್ಷಾತೀತವಾಗಿ ಕಾಯುವವರು ಅರಮನೆಯವರು ಎನ್ನುವುದೇ ಅವರ ಮುಖ್ಯ ವಾದ. ಬಿಕ್ಕಟ್ಟು ಬಂದಾಗ ಅರಮನೆ ತಾನು ಈ ವಿಷಯದಲ್ಲಿ ಏನೂ ಮಾಡಲಾಗದು ಎಂದು ಬರೆದು ತಿಳಿಸಿತು. ಕರ್ ಮತ್ತು ಅರಮನೆಯ ನಡುವಿನ ಪತ್ರಗಳನ್ನು ರಾಷ್ಟ್ರೀಯ ಪತ್ರಾಗಾರ ಬಹಳ ಕಾಲ ಮುಚ್ಚಿಟ್ಟಿತ್ತು. ಇತಿಹಾಸಕಾರ್ತಿ ಜೆನ್ನಿ ಹಾಕಿಂಗ್ ಈ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನವರೆಗೆ ಹೋರಾಡಿ 2020ರಲ್ಲಿ ಅವನ್ನು ಬಿಡಿಸಿದರು. ವಜಾ ಮಾಡುವ ಮುನ್ನ ಅರಮನೆಗೆ ತಿಳಿಸದಿರುವುದೇ ಒಳ್ಳೆಯದೆಂದು ತಾನು ತೀರ್ಮಾನಿಸಿದ್ದಾಗಿ ಕರ್ ಅದೇ ದಿನ ಬರೆದಿದ್ದಾರೆ. ಹಾಗಿದ್ದರೂ ಆ ಸಾಧ್ಯತೆಗಳ ಬಗ್ಗೆ ತಿಂಗಳುಗಳ ಕಾಲ ಪತ್ರ ವ್ಯವಹಾರ ನಡೆದಿತ್ತು. ಆಸ್ಟ್ರೇಲಿಯದ ಪ್ರಧಾನಿಗೆ ಗೊತ್ತಿಲ್ಲದ ಮಾತು ಲಂಡನ್ನಿನ ಒಬ್ಬ ಕಾರ್ಯದರ್ಶಿಗೆ ಗೊತ್ತಿತ್ತು ಎನ್ನುವುದು ನನ್ನಿಂದ ನುಂಗಲಾಗದ ಸಂಗತಿ.

ಕನ್ನಡದವರಿಗೆ ಈ ಕಥೆ ಹೊಸದಲ್ಲ. 1989ರ ಏಪ್ರಿಲ್‌ನಲ್ಲಿ ನಾನು ಹುಬ್ಬಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ನಮ್ಮ ಕಡೆಯವರೆಂಬ ಅಭಿಮಾನ ಮನೆಯಲ್ಲಿತ್ತು. ಹತ್ತೊಂಬತ್ತು ಶಾಸಕರ ಬೆಂಬಲ ಸರ್ಕಾರಕ್ಕಿಲ್ಲ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ತಲುಪಿದವು. ಅವರಲ್ಲಿ ಏಳು ಮಂದಿ ಮರುದಿನವೇ ತಾವು ಸರ್ಕಾರದ ಜೊತೆಗಿದ್ದೇವೆ ಎಂದರು. ಅಧಿವೇಶನವನ್ನು ಬೇಕಾದರೆ ಮುಂಚಿತವಾಗಿಯೇ ಕರೆದು ಬಹುಮತ ಸಾಬೀತು ಮಾಡುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು. "ಸದನ ಕೂಡಲಿ, ತಲೆ ಎಣಿಸಲಿ. ಅದನ್ನು ಬಿಟ್ಟು ರಾಜಭವನದಲ್ಲಿ ಕೂತು ಎಣಿಸುವುದು ಯಾವ ನ್ಯಾಯ?" ಎಂದು ಅಪ್ಪ ಬಂದವರೊಡನೆಲ್ಲ ವಾದಿಸುತ್ತಿದ್ದರು. ರಾಜಕೀಯದ ಬಗ್ಗೆ ನನಗೆ ಮೊದಲು ಅರ್ಥವಾದ ಮಾತು ಅದು. ಇಂದಿಗೂ ಅದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅಪ್ಪನ ಮಾತನ್ನೇ ಕಾನೂನಿನ ಭಾಷೆಯಲ್ಲಿ ಹೇಳಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಜಾಗ ಸದನ; ಅದು ರಾಜ್ಯಪಾಲರ ಸ್ವಂತ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. ಬೊಮ್ಮಾಯಿಯವರಿಗೆ ಹೋದ ಕುರ್ಚಿ ಮರಳಲಿಲ್ಲ, ವಿಧಾನಸಭೆಗೆ ಎಂದೋ ಮತ್ತೆ ಚುನಾವಣೆ ನಡೆದುಹೋಗಿತ್ತು. ಆದರೆ ಆ ತೀರ್ಪು ನಿಂತಿತು. 2018ರ ಮೇ ತಿಂಗಳಲ್ಲಿ ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಗಡುವನ್ನು ಸುಪ್ರೀಂ ಕೋರ್ಟ್ ಕತ್ತರಿಸಿ ಮರುದಿನವೇ ವಿಶ್ವಾಸಮತ ಆಗಬೇಕೆಂದಾಗ, ಅದರ ಹಿಂದೆ ಇದ್ದದ್ದು ಬೊಮ್ಮಾಯಿ ಪ್ರಕರಣ.

ಭಾರತದ ಸಂವಿಧಾನದ 164ನೇ ವಿಧಿಯಲ್ಲಿ ಸಚಿವರು ರಾಜ್ಯಪಾಲರ ಇಷ್ಟವಿರುವವರೆಗೆ ಅಧಿಕಾರದಲ್ಲಿರುತ್ತಾರೆ ಎಂದಿದೆ. ಆಸ್ಟ್ರೇಲಿಯದ ಸಂವಿಧಾನದ 64ನೇ ಕಲಮಿನಲ್ಲಿಯೂ ಗವರ್ನರ್ ಜನರಲ್ ಬಗ್ಗೆ ಹಾಗೆಯೇ ಇದೆ. ಕರ್ ಬಳಸಿದ್ದು ಅದೇ ಕಲಮು. ಎರಡೂ ಒಂದೇ ಸಾಮ್ರಾಜ್ಯದ ಕಚೇರಿಗಳಿಂದ ಇಳಿದು ಬಂದ ಮಾತು. ಭಾರತ ಗಣರಾಜ್ಯವಾದ ಮೇಲೂ ಆ ಮಾತು ಉಳಿಯಿತು, ಅದರ ಕಷ್ಟವನ್ನು ರಾಜ್ಯಗಳು ಉಂಡವು, ಕೊನೆಗೆ ನ್ಯಾಯಾಲಯ ಬೇಲಿ ಹಾಕಿತು. ತುರ್ತುಪರಿಸ್ಥಿತಿಯ ಪಾಠವೂ ಹಾಗೆಯೇ ಬರಹಕ್ಕೆ ಇಳಿಯಿತು: 1978ರ 44ನೇ ತಿದ್ದುಪಡಿಯ ನಂತರ ಸಂಪುಟದ ತೀರ್ಮಾನ ಲಿಖಿತವಾಗಿ ಬಾರದೆ ರಾಷ್ಟ್ರಪತಿ ಅಂಥ ಘೋಷಣೆ ಮಾಡುವಂತಿಲ್ಲ. ಆಸ್ಟ್ರೇಲಿಯದಲ್ಲಿ 64ನೇ ಕಲಮಿಗೆ ಯಾರೂ ಬೇಲಿ ಹಾಕಿಲ್ಲ. ಕರ್ ಮಾಡಿದ್ದನ್ನು ನಾಳೆ ಇನ್ನೊಬ್ಬರು ಮಾಡದಂತೆ ತಡೆಯುವ ಒಂದು ಅಕ್ಷರವೂ ಆ ಸಂವಿಧಾನದಲ್ಲಿ ಇಲ್ಲ. ಪ್ರಧಾನಿ ಎಂಬ ಹುದ್ದೆಯ ಹೆಸರೇ ಅದರಲ್ಲಿ ಬರುವುದಿಲ್ಲ.

ಈ ಹಿನ್ನೆಲೆಯಲ್ಲಿ ಆಸ್ಟ್ರೇಲಿಯ ಗಣರಾಜ್ಯವಾಗಬೇಕೇ ಎಂದು ಕೇಳಿದ 1999ರ ಜನಮತಗಣನೆಯನ್ನು ನೋಡಬೇಕು. ಅದಕ್ಕೂ ಮುಂಚೆ 1998ರ ಫೆಬ್ರವರಿಯಲ್ಲಿ ಕ್ಯಾನ್‌ಬೆರಾದ ಹಳೆಯ ಸಂಸತ್ ಭವನದಲ್ಲಿ 152 ಪ್ರತಿನಿಧಿಗಳ ಸಮಾವೇಶ ನಡೆದಿತ್ತು. ಅಲ್ಲಿ ಹೊರಬಂದ ಮಾದರಿ ಇದು: ಅಧ್ಯಕ್ಷರ ಹುದ್ದೆಗೆ ಪ್ರಧಾನಿ ಒಂದು ಹೆಸರು ಸೂಚಿಸಬೇಕು, ವಿರೋಧ ಪಕ್ಷದ ನಾಯಕ ಅನುಮೋದಿಸಬೇಕು, ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಮೂರನೇ ಎರಡರಷ್ಟು ಬಹುಮತ ಸಿಗಬೇಕು. ಆದರೆ ತೆಗೆದುಹಾಕಲು ಪ್ರಧಾನಿಯ ಒಂದು ಸಹಿ ಸಾಕು. ಮೂವತ್ತು ದಿನಗಳೊಳಗೆ ಕೆಳಮನೆಯ ಒಪ್ಪಿಗೆ ಕೇಳಿದರಾಯಿತು. ಕರ್ ಗುಟ್ಟಾಗಿ ನಡೆದುಕೊಂಡದ್ದಕ್ಕೆ ಒಂದು ಕಾರಣ, ಮೊದಲೇ ಹೇಳಿದರೆ ವಿಟ್ಲಮ್ ರಾಣಿಗೆ ಹೇಳಿ ತನ್ನನ್ನೇ ತೆಗೆಸುತ್ತಾರೆ ಎಂಬ ಭಯ. ಯಾರು ಯಾರನ್ನು ಮೊದಲು ತೆಗೆಯುತ್ತಾರೆ ಎಂಬ ಆ ಓಟವನ್ನು ಹೊಸ ಮಾದರಿ ನಿಲ್ಲಿಸಲಿಲ್ಲ, ಪ್ರಧಾನಿಯ ಹಾದಿಯನ್ನು ಇನ್ನಷ್ಟು ಚಿಕ್ಕದು ಮಾಡಿತು. ಅಧ್ಯಕ್ಷರ ವಜಾ ಅಧಿಕಾರಕ್ಕೆ ಸ್ಪಷ್ಟ ಮಿತಿಯನ್ನೂ ಬರೆಯಲಿಲ್ಲ, ಹಳೆಯ ಸಂಪ್ರದಾಯಗಳು ಮುಂದುವರಿಯುತ್ತವೆ ಎಂದು ಬಿಟ್ಟಿತು.

ನವೆಂಬರ್ 6ರಂದು ದೇಶ ಮತ ಹಾಕಿತು. ಗಣರಾಜ್ಯಕ್ಕೆ 45.13 ಶೇಕಡಾ, ವಿರುದ್ಧ 54.87. ಒಂದು ರಾಜ್ಯವೂ ಪರವಾಗಿ ನಿಲ್ಲಲಿಲ್ಲ. ನಮ್ಮ ವಿಕ್ಟೋರಿಯಾ ಅರ್ಧದ ಅಂಚಿನವರೆಗೆ ಬಂದು ತಪ್ಪಿಸಿಕೊಂಡಿತು. ರಾಜಧಾನಿ ಪ್ರದೇಶವೊಂದೇ ಹೌದು ಎಂದಿತು. ಆಗಿನ ಪ್ರಧಾನಿ ಜಾನ್ ಹೊವಾರ್ಡ್ ರಾಜಪ್ರಭುತ್ವವಾದಿ, ಗಣರಾಜ್ಯ ಚಳವಳಿಯ ಮುಂದಾಳು ಮಾಲ್ಕಮ್ ಟರ್ನ್‌ಬುಲ್; ಸೋಲಿನ ಕಥೆಯನ್ನು ಇವರಿಬ್ಬರ ಕಾಳಗವಾಗಿ ಹೇಳುವುದು ರೂಢಿ. ನನಗೆ ಹಾಗೆ ಕಾಣುವುದಿಲ್ಲ. ರಾಜಪ್ರಭುತ್ವವಾದಿಗಳ ಜೊತೆ ಟೆಡ್ ಮ್ಯಾಕ್, ಫಿಲ್ ಕ್ಲಿಯರಿ, ಪೀಟರ್ ರೀತ್ ಅವರಂಥ ಕಟ್ಟಾ ಗಣರಾಜ್ಯವಾದಿಗಳೂ ಬೇಡ ಎಂದು ಪ್ರಚಾರ ಮಾಡಿದರು, ಏಕೆಂದರೆ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಎಂಬುದು ಅವರ ಹಟ. ನಮ್ಮ ಬೀದಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ರಾಣಿಯ ಬಗ್ಗೆ ಅವರಿಗೆ ಯಾವ ವ್ಯಾಮೋಹವೂ ಇಲ್ಲ, ಆದರೂ 1999ರಲ್ಲಿ ಬೇಡ ಎಂದೇ ಗುರುತು ಹಾಕಿದರಂತೆ. "ರಾಜಕಾರಣಿಗಳು ತಮ್ಮವರನ್ನೇ ಕೂರಿಸಲು ನನ್ನ ಮತ ಕೇಳಿದರು, ನಾನು ಕೊಡಲಿಲ್ಲ" ಎಂದು ಅವರು ನನಗೆ ಹೇಳಿದರು. ಇಂಥವರನ್ನು ಅಜ್ಞಾನಿಗಳು ಎಂದು ಕರೆಯುವ ಗಣರಾಜ್ಯವಾದಿಗಳನ್ನು ಕಂಡಿದ್ದೇನೆ, ಅದು ನನಗೆ ಬಹಳ ನೋವಿನ ವಿಷಯ. ಅವರ ಅನುಮಾನ ಸರಿಯಾದ ಕಡೆಗೇ ಬೆರಳು ತೋರಿಸುತ್ತಿತ್ತು.

ನೇರ ಚುನಾವಣೆಯೋ ಸಂಸತ್ತಿನ ಆಯ್ಕೆಯೋ ಎಂಬ ಈ ಜಗಳ ಭಾರತದ ಸಂವಿಧಾನ ಸಭೆಯಲ್ಲಿಯೂ ನಡೆದಿದೆ. ಕೆ.ಟಿ. ಶಾ ಅವರು ರಾಷ್ಟ್ರಪತಿಯನ್ನು ವಯಸ್ಕ ಮತದಾನದಿಂದಲೇ ಆರಿಸಬೇಕೆಂದು ಪಟ್ಟು ಹಿಡಿದರು. ನಿಜವಾದ ಅಧಿಕಾರ ಸಂಪುಟದಲ್ಲಿರಬೇಕು ಎಂದು ಒಪ್ಪಿದ ಮೇಲೆ, ಇಡೀ ದೇಶದ ಮತ ಪಡೆದು ಬಂದವರಿಗೆ ಅಧಿಕಾರ ಕೊಡದಿರುವುದು ಅಸಂಗತವಾಗುತ್ತದೆ ಎಂದು ನೆಹರೂ 1947ರ ಜುಲೈನಲ್ಲಿ ವಾದಿಸಿದ್ದರು. ಆ ಸಭೆ ಕುಳಿತಿದ್ದ ಬಹುಪಾಲು ಕಾಲ ಭಾರತಕ್ಕೂ ಕಾಗದದ ಮೇಲೆ ಆರನೇ ಜಾರ್ಜ್ ದೊರೆಯೇ ಇದ್ದ ಎಂಬುದನ್ನು ನಾವು ಮರೆತಿದ್ದೇವೆ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತ ಡೊಮಿನಿಯನ್ ಆಗಿತ್ತು. ರಾಜಾಜಿ ನಮ್ಮ ಕೊನೆಯ ಗವರ್ನರ್ ಜನರಲ್. ಗಣರಾಜ್ಯವಾದರೆ ಕಾಮನ್‌ವೆಲ್ತ್ ಬಿಡಬೇಕಾಗುತ್ತದೆಯೇ ಎಂಬ ತೊಡಕನ್ನು 1949ರ ಏಪ್ರಿಲ್‌ನ ಲಂಡನ್ ಘೋಷಣೆ ಬಿಡಿಸಿತು. ಇವತ್ತು ಆಸ್ಟ್ರೇಲಿಯ ಆ ಸಂಘಟನೆಯೊಳಗೇ ಉಳಿದು ಗಣರಾಜ್ಯವಾಗುವ ದಾರಿ ತೆರೆದಿರುವುದಕ್ಕೆ ಭಾರತ ಅಂದು ಹಿಡಿದ ಹಟ ಕಾರಣ. ಇಲ್ಲಿನ ಶಾಲೆಗಳಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಇದನ್ನು ನಾವೇ ಹೇಳಬೇಕು.

ಆದರೆ ನೆಹರೂ ವಾದವೇ ಕೊನೆಯ ಮಾತು ಎಂದು ನಾನು ಒಪ್ಪುವುದಿಲ್ಲ. ಐರ್ಲೆಂಡಿನಲ್ಲಿ ಅಧ್ಯಕ್ಷರನ್ನು ಜನರೇ ಆರಿಸುತ್ತಾರೆ, ಪ್ರಧಾನಿಯ ಜೊತೆ ಜಟಾಪಟಿ ನಡೆಯುವುದು ಅಪರೂಪ. 1937ರ ಸಂವಿಧಾನದಲ್ಲಿ ಅಧ್ಯಕ್ಷರು ಏನು ಮಾಡಬಹುದು ಎಂದು ಬರೆದಿಟ್ಟಿದ್ದಾರೆ. ಕೆಳಮನೆಯ ಬಹುಮತ ಕಳೆದುಕೊಂಡ ಪ್ರಧಾನಿ ವಿಸರ್ಜನೆ ಕೇಳಿದರೆ ಅಧ್ಯಕ್ಷರು ನಿರಾಕರಿಸಬಹುದು. ಬಹುಮತ ಇರುವವರಿಗೆ ಹಾಗೆ ಮಾಡುವಂತಿಲ್ಲ. ಅಲ್ಲಿಯೂ ಅಳತೆಗೋಲು ಸದನವೇ. ಅಧಿಕಾರದ ಗಡಿ ಬರೆದಿದ್ದರೆ ನನ್ನ ನೆರೆಯವರು ಕೇಳುವಂತೆ ಜನರೇ ಆರಿಸಲಿ, ನನಗೆ ಭಯವಿಲ್ಲ. ಬರೆಯದಿದ್ದರೆ ಸಂತರನ್ನು ತಂದು ಕೂರಿಸಿದರೂ ಭಯ ಹೋಗುವುದಿಲ್ಲ. ಇಲ್ಲಿನ ಗಣರಾಜ್ಯ ಚಳವಳಿ 2022ರಲ್ಲಿ ತಂದ ಹೊಸ ಮಾದರಿಯಲ್ಲಿ ರಾಜ್ಯಗಳೂ ಪ್ರದೇಶಗಳೂ ಒಂದೊಂದು ಹೆಸರು, ಕೇಂದ್ರ ಸಂಸತ್ತು ಮೂರರವರೆಗೆ ಹೆಸರು ಸೂಚಿಸಿ, ಹನ್ನೊಂದರವರೆಗಿನ ಆ ಪಟ್ಟಿಯಿಂದ ಜನ ಆರಿಸುತ್ತಾರೆ. ಚರ್ಚೆ ಪೂರಾ ಆ ಪಟ್ಟಿಯ ಮೇಲೇ ನಡೆಯಿತು. ಅಧಿಕಾರದ ಮಿತಿಯ ಬಗ್ಗೆ ಅದರಲ್ಲಿ ಬರೆದದ್ದು ಯಾರ ಕಿವಿಗೂ ಬಿದ್ದಂತಿಲ್ಲ.

ರಾಜಪ್ರಭುತ್ವದ ಪರವಾದ ಮಾತನ್ನು ನಾನು ಕೇಳುವುದು ಹೆಚ್ಚಾಗಿ ನಮ್ಮವರಿಂದಲೇ. ಕಳೆದ ಬಾರಿ ರಾಜ್ಯೋತ್ಸವದ ಊಟದ ಹೊತ್ತಿನಲ್ಲಿ ಮೈಸೂರಿನ ಹಿರಿಯರೊಬ್ಬರು ನನ್ನನ್ನು ಹಿಡಿದು ಕೂರಿಸಿಕೊಂಡರು. "ಕನ್ನಂಬಾಡಿ ಕಟ್ಟಿದವರು ರಾಜರಲ್ಲವೇನಮ್ಮ? ನಾಲ್ವಡಿಯವರ ಹಾಗೆ ಆಳಿದ ಒಬ್ಬ ಮಂತ್ರಿಯನ್ನು ತೋರಿಸು ನೋಡೋಣ" ಎಂದರು. ನಾಲ್ವಡಿಯವರ ಬಗ್ಗೆ ಅವರಿಗಿರುವ ಗೌರವ ನನಗೂ ಇದೆ. "ಸರ್, ಅಂಥ ರಾಜರ ಸಂಸ್ಥಾನದಲ್ಲಿಯೇ 1947ರಲ್ಲಿ ಜನ ಮೈಸೂರು ಚಲೋ ಎಂದು ಹೊರಟರಲ್ಲ, ಏಕೆ?" ಎಂದು ಕೇಳಿದೆ. ಅವರಿಗೆ ಉತ್ತರ ಗೊತ್ತಿತ್ತು. ಜನರ ಸಿಟ್ಟು ಮಹಾರಾಜರ ಮೇಲಲ್ಲ, ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಆಡಳಿತದ ಮೇಲೆ. ಕೇಳಿದ್ದು ಮಹಾರಾಜರ ಆಶ್ರಯದಲ್ಲಿಯೇ ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳುವ ಮಂತ್ರಿಮಂಡಲ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದಲ್ಲಿ ಅದು ಬಂತು. ಜಯಚಾಮರಾಜ ಒಡೆಯರ್ ಮಹಾರಾಜರಾಗಿದ್ದವರು ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ಒಬ್ಬ ಮನುಷ್ಯರ ಬಾಳಿನಲ್ಲಿಯೇ ಇಷ್ಟೂ ಆಯಿತು, ಅವರ ಮರ್ಯಾದೆ ಕುಂದಲಿಲ್ಲ. ನಮ್ಮ ಹಿರಿಯರು ಮೊದಲು ಕೇಳಿದ್ದು ಉತ್ತರದಾಯಿತ್ವ. ಕಿರೀಟದ ಪ್ರಶ್ನೆ ಅದರ ಬೆನ್ನಿಗೆ ಬಂದು ತಾನಾಗಿ ಇತ್ಯರ್ಥವಾಯಿತು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಆದರೆ ಚಾರ್ಲ್ಸ್‌ನಿಂದ ನಿನಗೇನು ತೊಂದರೆ?" ಎಂದರು.

ತೊಂದರೆ ಇದೆ. ನಾನು ಪೌರತ್ವ ಪಡೆದ ದಿನ ಮಾಡಿದ ಪ್ರತಿಜ್ಞೆಯಲ್ಲಿ ದೊರೆಯ ಹೆಸರಿರಲಿಲ್ಲ. 1994ರಿಂದ ವಲಸೆ ಬಂದವರು ನಿಷ್ಠೆ ತೋರುವುದು ಆಸ್ಟ್ರೇಲಿಯಕ್ಕೆ ಮತ್ತು ಅದರ ಜನಕ್ಕೆ. ಆದರೆ ನಾನು ಮತ ಹಾಕಿ ಕಳಿಸಿದ ಸಂಸದರು 42ನೇ ಕಲಮಿನ ಪ್ರಕಾರ ರಾಜನಿಗೆ ನಿಷ್ಠೆ ಹೇಳದೆ ಸದನದಲ್ಲಿ ಕೂರುವಂತಿಲ್ಲ. ಬ್ರಿಟನ್ ವಿದೇಶಿ ಶಕ್ತಿ, ಅದರ ಪೌರತ್ವ ಇಟ್ಟುಕೊಂಡವರು ಇಲ್ಲಿ ಸಂಸದರಾಗಲಾರರು ಎಂದು 1999ರಲ್ಲಿ ಇಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆ ದೇಶದ ದೊರೆಗೆ ಈ ದೇಶದ ಅತಿ ಎತ್ತರದ ಸ್ಥಾನ ಹುಟ್ಟಿನಿಂದಲೇ ಬರುತ್ತದೆ. ಇಲ್ಲಿ ಹುಟ್ಟಿದ ಯಾವ ಮಗುವಿಗೂ, ಎಷ್ಟೇ ಯೋಗ್ಯತೆಯಿದ್ದರೂ, ಆ ಸ್ಥಾನ ಸಿಗುವುದಿಲ್ಲ. ಜನ್ಮದಿಂದ ಸ್ಥಾನ ಗೊತ್ತಾಗುವ ವ್ಯವಸ್ಥೆ ಎಷ್ಟು ಜನರನ್ನು ನೆಲಕ್ಕೆ ತುಳಿದಿದೆ ಎಂದು ಬಲ್ಲ ದೇಶದಿಂದ ಬಂದವರು ನಾವು. ಅದನ್ನು ಅಲಂಕಾರ ಎಂದು ನೋಡಲು ನನ್ನಿಂದಾಗದು.

ಇದಕ್ಕಿಂತ ಆಳದ ಗಾಯ ಈ ನೆಲದ ಮೂಲನಿವಾಸಿಗಳದು. 1788ರಿಂದ ಅವರ ಭೂಮಿಯನ್ನು ಕಿತ್ತುಕೊಂಡದ್ದು ಕಿರೀಟದ ಹೆಸರಿನಲ್ಲಿ, ಯಾವ ಒಪ್ಪಂದವೂ ಇಲ್ಲದೆ. 2024ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್ ಸಂಸತ್ ಭವನಕ್ಕೆ ಬಂದಾಗ ಸೆನೆಟರ್ ಲಿಡಿಯಾ ಥಾರ್ಪ್ ನೀನು ನನ್ನ ರಾಜನಲ್ಲ ಎಂದು ಕೂಗಿದರು. ಸಭ್ಯತೆಯ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯಿತು. ಆಕೆ ಹೇಳಿದ್ದಕ್ಕೆ ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ. ಮೂಲನಿವಾಸಿಗಳ ಜೊತೆ ಕೂತು ಮಾತನಾಡದೆ ಬರುವ ಗಣರಾಜ್ಯ ನನಗೂ ಬೇಡ.

ಈಗ ಸದ್ಯಕ್ಕೆ ಎಲ್ಲವೂ ನಿಂತಿದೆ. 2022ರಲ್ಲಿ ಲೇಬರ್ ಸರ್ಕಾರ ಗಣರಾಜ್ಯಕ್ಕೆಂದೇ ಒಬ್ಬ ಸಹಾಯಕ ಸಚಿವರನ್ನು ನೇಮಿಸಿತ್ತು, 2024ರಲ್ಲಿ ಆ ಹುದ್ದೆಯನ್ನೇ ಕೈಬಿಟ್ಟಿತು. 2023ರಲ್ಲಿ ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ 'ಧ್ವನಿ' ಮಂಡಳಿಗಾಗಿ ನಡೆದ ಜನಮತಗಣನೆ ಸೋತ ಮೇಲೆ ಇನ್ನೊಂದಕ್ಕೆ ಧೈರ್ಯ ಮಾಡುವವರಿಲ್ಲ. ಸಂವಿಧಾನ ತಿದ್ದಲು ದೇಶದ ಒಟ್ಟು ಬಹುಮತದ ಜೊತೆಗೆ ಆರರಲ್ಲಿ ನಾಲ್ಕು ರಾಜ್ಯಗಳೂ ಒಪ್ಪಬೇಕು. ಇದುವರೆಗೆ ಕೇಳಿದ 45 ಪ್ರಶ್ನೆಗಳಲ್ಲಿ ಗೆದ್ದದ್ದು ಎಂಟೇ. ಕೊನೆಯದಾಗಿ ಗೆದ್ದದ್ದು 1977ರಲ್ಲಿ.

ಆ 1977ರ ಕಡೆ ನನ್ನ ಗಮನ ಮತ್ತೆ ಮತ್ತೆ ಹೋಗುತ್ತದೆ. 1975ರಲ್ಲಿ ಕ್ವೀನ್ಸ್‌ಲ್ಯಾಂಡಿನ ಲೇಬರ್ ಸೆನೆಟರ್ ಒಬ್ಬರು ತೀರಿಕೊಂಡಾಗ ಅಲ್ಲಿನ ರಾಜ್ಯ ಸರ್ಕಾರ ಪಕ್ಷ ಸೂಚಿಸಿದವರನ್ನು ಬಿಟ್ಟು ವಿಟ್ಲಮ್ ವಿರೋಧಿಯೊಬ್ಬರನ್ನು ಆ ಜಾಗಕ್ಕೆ ಕಳಿಸಿತ್ತು. ಸೆನೆಟ್ ಮಸೂದೆಗಳನ್ನು ತಡೆಹಿಡಿಯಲು ಸಾಧ್ಯವಾದದ್ದರಲ್ಲಿ ಅದರ ಪಾಲೂ ಇದೆ. ತೆರವಾದ ಸ್ಥಾನಕ್ಕೆ ಅದೇ ಪಕ್ಷದವರೇ ಬರಬೇಕು ಎಂಬ ತಿದ್ದುಪಡಿಯನ್ನು ಎರಡೇ ವರ್ಷಗಳಲ್ಲಿ ಜನರ ಮುಂದಿಟ್ಟರು. ಆರೂ ರಾಜ್ಯಗಳು ಒಪ್ಪಿದವು, ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಹೌದು ಎಂದರು. ಆಗ ಫ್ರೇಸರ್ ಅವರೇ ಪ್ರಧಾನಿ. ಅಂದರೆ ಆ ವಜಾದಿಂದ ಲಾಭ ಪಡೆದವರೂ ಕಳೆದುಕೊಂಡವರೂ ಸೇರಿ ಒಂದು ತೂತನ್ನು ಮುಚ್ಚಿದರು. ದೊಡ್ಡದನ್ನು ಹಾಗೆಯೇ ಬಿಟ್ಟರು.

ಆದ್ದರಿಂದ ನಾನು ಕೇಳುತ್ತಿರುವುದು ಚಿಕ್ಕದು. ಗಣರಾಜ್ಯಕ್ಕಾಗಿ ಇನ್ನೂ ಹತ್ತು ವರ್ಷ ಕಾಯಬೇಕೆಂದರೆ ಕಾಯೋಣ. ಅದಕ್ಕೂ ಮೊದಲು, ರಾಜ ಇರುವಾಗಲೇ, ಎರಡು ಮಾತನ್ನು ಜನರ ಮುಂದಿಡಿ. ಕೆಳಮನೆಯ ವಿಶ್ವಾಸ ಇರುವ ಪ್ರಧಾನಿಯನ್ನು ಯಾರೂ ವಜಾ ಮಾಡುವಂತಿಲ್ಲ ಎಂದು 64ನೇ ಕಲಮಿಗೆ ಸೇರಿಸಿ. ಧನವಿನಿಯೋಗ ಮಸೂದೆಯನ್ನು ಸೆನೆಟ್ ಅನಿರ್ದಿಷ್ಟವಾಗಿ ಹಿಡಿದಿಡದಂತೆ ಒಂದು ಗಡುವು ಹಾಕಿ. ಭಾರತದ ರಾಜ್ಯಸಭೆ ಹಣಕಾಸು ಮಸೂದೆಯನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗದು, ಅಂಥದೇ ಏನಾದರೂ ಸಾಕು. ಇದಕ್ಕೆ ರಾಜಪ್ರಭುತ್ವವಾದಿಗಳೂ ಹೌದು ಎನ್ನಬಹುದು, ನನ್ನ ನೆರೆಯ ನರ್ಸ್ ಕೂಡ ಹೌದು ಎನ್ನಬಹುದು. ನಮ್ಮ ಕ್ಷೇತ್ರದ ಸಂಸದರಿಗೆ ಈ ಎರಡನ್ನೇ ಬರೆದು ಕಳಿಸಿದ್ದೇನೆ. ಇಲ್ಲಿ ಮತದ ಹಕ್ಕಿರುವ ಕನ್ನಡಿಗರು ತಮ್ಮ ತಮ್ಮ ಸಂಸದರಿಗೂ ಬರೆಯಬೇಕು ಎಂದು ಕೇಳಿಕೊಳ್ಳುತ್ತೇನೆ.